ಕಾರಿನ ಪರದೆ ತೋರಿಸುವ ಆವರೇಜ್: ಟ್ಯಾಂಕಿನ ಜೊತೆ ತಾಳೆ ನೋಡುವುದು ಹೇಗೆ

ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಕಾಣುವ ಆವರೇಜ್, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಸಂಖ್ಯೆ, ಅಳತೆಯಲ್ಲ, ಅಂದಾಜು. ಒಳ್ಳೆಯ ಅಂದಾಜೇ, ಆದರೂ ಅಂದಾಜು. ನಿಮ್ಮ ಕಾರಿನಲ್ಲಿ ಅದು ಎಷ್ಟು ಆಚೀಚೆ ಇದೆ ಅಂತ ಒಂದು ಸಲ ಗೊತ್ತು ಮಾಡಿಕೊಂಡರೆ ಸಾಕು. ಆಮೇಲೆ ಪರದೆಯನ್ನೇ ನೆಚ್ಚಿಕೊಂಡು ಓಡಾಡಬಹುದು. ಬೇಕಾಗುವುದು ಒಂದು ಪೆನ್ನು, ಸಣ್ಣದೊಂದು ನೋಟ್‌ಬುಕ್ಕು, ತಿಂಗಳೆರಡು ತಿಂಗಳ ತಾಳ್ಮೆ.

ನಾನು ಬೀಜದ ಕಂಪನಿಯೊಂದರಲ್ಲಿ ಮಾರಾಟದ ಕೆಲಸ ಮಾಡುತ್ತೇನೆ. ಮನೆ ಹುಬ್ಬಳ್ಳಿಯ ನವನಗರದಲ್ಲಿ. ನಮ್ಮ ಡೀಲರುಗಳು ಅಣ್ಣಿಗೇರಿ, ಗದಗ, ಲಕ್ಷ್ಮೇಶ್ವರ, ಸವಣೂರು, ಬ್ಯಾಡಗಿ, ರಾಣೆಬೆನ್ನೂರು ಅಂತ ಹರಡಿಕೊಂಡಿದ್ದಾರೆ. ಪೆಟ್ರೋಲಿನ ದುಡ್ಡು ಮೊದಲು ನನ್ನ ಕೈಯಿಂದ ಹೋಗುತ್ತದೆ, ಆಫೀಸಿನಿಂದ ಆಮೇಲೆ ಬರುತ್ತದೆ. ಹೀಗಾಗಿ ಕಾರಿನಲ್ಲಿ ಲೆಕ್ಕದ ಪುಸ್ತಕ ಯಾವಾಗಲೂ ಇರುತ್ತದೆ. ನಮ್ಮ ಕಾಕಾನ ಮಗನಿಗೆ ಈ ಪುಸ್ತಕ ಅಂದರೆ ನಗು. ಅವನದೂ ನನ್ನದೂ ಒಂದೇ ಮಾಡೆಲ್ ಕಾರು. ಮೊನ್ನೆ ಪರದೆಯ ಫೋಟೋ ಕಳಿಸಿದ್ದ, 22.4 ಅಂತ ಇತ್ತು. ಕೆಳಗೆ ಒಂದು ಸಾಲು: "ಅಣ್ಣಾ, ನಿಂದು ಎಷ್ಟ ಕೊಡತೈತಿ?" ನಾನು ಹದಿನೇಳು ಅಂದೆ. "ಸರ್ವಿಸ್ ಮಾಡಿಸ್ಕೋ" ಅಂತ ಉತ್ತರ ಬಂತು.

ಸರ್ವಿಸ್ ಬೇಕಾಗಿಲ್ಲ. ಅವನು ಓದಿದ್ದು ಪರದೆ, ಅದೂ ಬೈಪಾಸಿನ ಮೇಲೆ. ನಾನು ಹೇಳಿದ್ದು ಟ್ಯಾಂಕಿನ ಲೆಕ್ಕ, ಊರು ರಸ್ತೆ ಎಲ್ಲ ಸೇರಿ.

ಪರದೆಗೆ ಆ ಸಂಖ್ಯೆ ಎಲ್ಲಿಂದ ಬರುತ್ತದೆ?

ತುಂಬಾ ಜನ ಟ್ಯಾಂಕಿನೊಳಗೆ ಏನೋ ಅಳತೆಯ ಯಂತ್ರ ಇದೆ ಅಂದುಕೊಂಡಿದ್ದಾರೆ. ಅಲ್ಲಿ ಇರುವುದು ತೇಲುವ ಒಂದು ಫ್ಲೋಟ್. ಅದು ಮುಳ್ಳನ್ನೋ ಗೆರೆಗಳನ್ನೋ ಮೇಲೆ ಕೆಳಗೆ ಮಾಡುವುದಕ್ಕಷ್ಟೇ ಸರಿ. ಆವರೇಜ್ ಲೆಕ್ಕಕ್ಕೆ ಕಾರಿನ ಕಂಪ್ಯೂಟರ್ ನೋಡುವುದು ಇಂಜೆಕ್ಟರುಗಳನ್ನು. ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಈ ಇಂಜೆಕ್ಟರ್ ಪ್ರತಿ ಸಲ ತೆರೆಯುವುದು ಕೆಲವೇ ಮಿಲಿಸೆಕೆಂಡು. ಎಷ್ಟು ಹೊತ್ತು ತೆರೆಯಬೇಕು ಅಂತ ಆಜ್ಞೆ ಕೊಡುವುದು ಕಂಪ್ಯೂಟರೇ. ಹಾಗಾಗಿ ಆ ಹೊತ್ತನ್ನೆಲ್ಲ ಕೂಡಿಸಿ, ಇಷ್ಟು ಹೊತ್ತಿಗೆ ಇಷ್ಟು ಪೆಟ್ರೋಲ್ ಹೋಗಿರಬೇಕು ಅಂತ ಲೆಕ್ಕ ಹಾಕುತ್ತದೆ. ನಳ ಎಷ್ಟು ಹೊತ್ತು ಬಿಟ್ಟಿತ್ತು ಅಂತ ಗಡಿಯಾರ ನೋಡಿ, ಕೊಡದಲ್ಲಿ ಇಷ್ಟು ನೀರಿದೆ ಅಂತ ಹೇಳಿದ ಹಾಗೆ. ಕೊಡದೊಳಗೆ ಯಾರೂ ಇಣುಕಿಲ್ಲ. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ, ನಳದ ನೀರಿನ ರಭಸ ಒಂದೊಂದು ದಿನ ಒಂದೊಂದು ಥರ.

ಇಂಜೆಕ್ಟರಿನಲ್ಲೂ ಹಾಗೇ. ತಯಾರಾಗುವಾಗಲೇ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ವರ್ಷಗಳು ಕಳೆದಂತೆ ಕಿಟ್ಟ ಕಟ್ಟುತ್ತದೆ. ಪೆಟ್ರೋಲಿನ ಒತ್ತಡ, ಬಿಸಿ, ಬ್ಯಾಟರಿಯ ವೋಲ್ಟೇಜು ಎಲ್ಲ ಸ್ವಲ್ಪ ಸ್ವಲ್ಪ ಬದಲಾಗುತ್ತವೆ. ಪೆಟ್ರೋಲ್ ಕೂಡ 10 ಡಿಗ್ರಿ ಬಿಸಿ ಏರಿದರೆ ಸುಮಾರು ಶೇ 1ರಷ್ಟು ಹಿಗ್ಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 2,000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ, ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಅಂತ ಹಿಡಿದರೂ ನಿಮಿಷಕ್ಕೆ 4,000 ಸಲ ಪೆಟ್ರೋಲ್ ಚಿಮ್ಮುತ್ತದೆ. ಒಂದೊಂದು ಸಲ ತಪ್ಪುವುದು ಕಾಣದಷ್ಟು ಚಿಕ್ಕದು. ಆದರೆ ಎಲ್ಲವೂ ಒಂದೇ ಕಡೆ ವಾಲಿದ್ದರೆ, ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಅದು ಲೀಟರ್ ಆಗಿ ನಿಲ್ಲುತ್ತದೆ.

ಯುರೋಪಿನಲ್ಲಿ 2021ರಿಂದ ಹೊಸ ಕಾರುಗಳಲ್ಲಿ ಇಂಧನದ ಲೆಕ್ಕ ಇಡುವ ವ್ಯವಸ್ಥೆ ಕಡ್ಡಾಯ. ಅಲ್ಲಿ ಕಾನೂನು ಬಿಟ್ಟಿರುವ ವ್ಯತ್ಯಾಸ ಶೇ 5, ಅದೂ ಪ್ರಯೋಗಾಲಯದ ಪರೀಕ್ಷೆಯಲ್ಲಿ. 18 ಅಂತ ತೋರಿಸುವ ಕಾರಿಗೆ ಶೇ 5 ಅಂದರೆ 0.9. ಅಂದಮೇಲೆ ನಿಮ್ಮ ಪರದೆ ಒಂದು ಅಂಕಿ ಆಚೀಚೆ ಹೇಳಿದರೆ ಶೋರೂಮಿಗೆ ಹೋಗಿ ಜಗಳ ತೆಗೆಯಬೇಡಿ. ವಾಲುವುದು ಯಾವ ಕಡೆ ಅಂತ ಕೇಳಿದರೆ, ನಾನು ನೋಡಿದ ಕಾರುಗಳಲ್ಲಿ ಹೆಚ್ಚಿನವು ಮಾಲೀಕನಿಗೆ ಖುಷಿಯಾಗುವ ಕಡೆಗೇ ವಾಲುತ್ತವೆ.

ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ಮಾಹಿತಿಯನ್ನು ಮೊಬೈಲಿಗೆ ಕಳಿಸುವ ಸಣ್ಣ ಸಾಧನ) ಸಿಕ್ಕಿಸಿ ನೋಡಿದರೆ ನಿಜ ಗೊತ್ತಾಗಲ್ವಾ ಅಂತ ಕೇಳುವವರಿದ್ದಾರೆ. ಆ ಡಾಂಗಲ್ ಓದುವುದೂ ಅದೇ ಕಂಪ್ಯೂಟರಿನ ಅಂಕಿಗಳನ್ನು. ಸಾಕ್ಷಿ ಹೇಳುವವನು ಅವನೇ, ಬಾಯಿ ಮಾತ್ರ ಬೇರೆ. ದುಡ್ಡು ದಂಡ.

ಟ್ರಿಪ್ ಮೀಟರ್ ಹೊಂದಿಸಿಕೊಳ್ಳಿ

ಸೊನ್ನೆ ಮಾಡಿದಲ್ಲಿಂದ ಓಡಿದ ದೂರ, ಆವರೇಜ್ ತೋರಿಸುವುದು ಟ್ರಿಪ್ ಮೀಟರ್. ಬಹಳ ಕಾರುಗಳಲ್ಲಿ ಟ್ರಿಪ್ ಎ, ಟ್ರಿಪ್ ಬಿ ಅಂತ ಎರಡು ಇರುತ್ತವೆ. ಎ ಅನ್ನು ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಸೊನ್ನೆ ಮಾಡಿ. ಬಿ ಅನ್ನು ಈ ಲೆಕ್ಕ ಶುರು ಮಾಡುವ ದಿನ ಸೊನ್ನೆ ಮಾಡಿ, ಮುಗಿಯುವ ತನಕ ಮುಟ್ಟಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಹೇಳಿಡಿ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಹಾಕಿಸಿದ ಕೂಡಲೇ ಆವರೇಜ್ ತಾನಾಗಿಯೇ ಸೊನ್ನೆಯಾಗುತ್ತದೆ. ಇನ್ನು ಕೆಲವದರಲ್ಲಿ ಗಾಡಿ ಕೆಲವು ಗಂಟೆ ನಿಂತಿದ್ದರೆ ಸೊನ್ನೆಯಾಗುತ್ತದೆ. ಇದನ್ನು ಸೆಟ್ಟಿಂಗ್‌ನಲ್ಲಿ ಬದಲಾಯಿಸಬಹುದು. ಕಾರಿನ ಜೊತೆ ಕೊಟ್ಟ ಪುಸ್ತಕ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದ್ದರೆ ಈಗ ಬಿಚ್ಚಿ.

ಬಂಕಿನಲ್ಲಿ ಕೆಳಗಿಳಿದು ನಿಲ್ಲಿ

ಇಡೀ ಲೆಕ್ಕ ನಿಂತಿರುವುದು ಇಲ್ಲಿ. ಟ್ಯಾಂಕ್ ಫುಲ್ ಅಂದರೆ ಪ್ರತಿ ಸಲ ಒಂದೇ ಮಟ್ಟಕ್ಕೆ ಫುಲ್ ಆಗಬೇಕು. ಅದು ಅಷ್ಟು ಸುಲಭವಲ್ಲ.

ನಾಝಲ್‌ನ ತುದಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಬಾಯಿಯ ಪಕ್ಕದಲ್ಲೇ ಒಂದು ಸಣ್ಣ ತೂತು ಕಾಣುತ್ತದೆ. ಪೆಟ್ರೋಲ್ ಹರಿಯುತ್ತಿರುವಾಗ ಆ ತೂತು ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಟ್ಯಾಂಕಿನ ಕೊರಳಿನಲ್ಲಿ ಪೆಟ್ರೋಲ್ ಏರಿ ಬಂದು ತೂತು ಮುಚ್ಚಿದ ಕೂಡಲೇ ಗಾಳಿ ನಿಲ್ಲುತ್ತದೆ, ಒಳಗಿನ ಸ್ಪ್ರಿಂಗ್ ಬಿಟ್ಟುಕೊಂಡು 'ಟಕ್' ಅಂತ ಕಟ್ ಆಗುತ್ತದೆ. ಇಲ್ಲಿ ತೊಂದರೆ ಏನೆಂದರೆ, ಕೊರಳಿನಲ್ಲಿ ಏರಿ ಬಂದಿದ್ದು ಪೆಟ್ರೋಲೇ ಆಗಬೇಕಿಲ್ಲ, ನೊರೆಯೂ ಆಗಬಹುದು. ಹರಿವು ಜೋರಾಗಿದ್ದರೆ ನೊರೆ ಜಾಸ್ತಿ, ಕಟ್ ಬೇಗ. ನಾಝಲ್ ಪೂರ್ತಿ ಒಳಗೆ ಹೋಗಿದೆಯಾ, ಅರ್ಧಕ್ಕೆ ಸಿಕ್ಕಿಸಿದ್ದಾರಾ, ಗಾಡಿ ನಿಂತ ನೆಲ ಎತ್ತ ಕಡೆ ಇಳಿಜಾರು ಇದೆ, ಇವೆಲ್ಲವೂ ಸೇರಿ ಒಂದು ಲೀಟರಿನವರೆಗೂ ವ್ಯತ್ಯಾಸ ತರುತ್ತವೆ.

ಆದ್ದರಿಂದ ಆದಷ್ಟು ಅದೇ ಬಂಕು, ಅದೇ ಪಂಪು, ಅದೇ ಕಡೆಗೆ ಮುಖ ಮಾಡಿದ ಗಾಡಿ. ಮೊದಲ 'ಟಕ್'ಗೆ ನಿಲ್ಲಿಸಿ ಅಂತ ಮೊದಲೇ ಹೇಳಿ. ಹೇಳದಿದ್ದರೆ ಏನಾಗುತ್ತದೆ ಗೊತ್ತಲ್ಲ. ಹುಡುಗ ಮೀಟರ್ ನೋಡುತ್ತಾನೆ, 2,463 ರೂಪಾಯಿ. ನಿಮ್ಮ ಮುಖ ನೋಡುತ್ತಾನೆ. "ರೌಂಡ್ ಫಿಗರ್ ಮಾಡ್ಲೇನ್ರಿ ಸರ್?" ನೀವು ಹೂಂ ಅನ್ನುವುದರೊಳಗೆ ನಾಝಲ್ ಅನ್ನು ಅರ್ಧ ಇಂಚು ಮೇಲೆತ್ತಿ ಚಿರ್ ಚಿರ್ ಅಂತ ಒತ್ತುತ್ತಾನೆ, 2,500 ಆಗುತ್ತದೆ. ಚಿಲ್ಲರೆ ಸಿಗದ ಕಾಲದಲ್ಲಿ ಅದಕ್ಕೊಂದು ಅರ್ಥ ಇತ್ತು. ಈಗ ಯುಪಿಐನಲ್ಲಿ 2,463 ಅಂತಲೇ ಕೊಡಬಹುದು. ಆ ಹೆಚ್ಚಿನ ಪೆಟ್ರೋಲ್ ಲೆಕ್ಕ ಕೆಡಿಸುವುದಷ್ಟೇ ಅಲ್ಲ, ಪದೇ ಪದೇ ಕೊರಳಿನವರೆಗೆ ತುಂಬಿಸಿದರೆ ಟ್ಯಾಂಕಿನ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ಪೆಟ್ರೋಲ್ ಹೋಗಿ ಅದೂ ಹಾಳಾಗುತ್ತದೆ. ಅದನ್ನು ಬದಲಾಯಿಸುವ ಖರ್ಚು ಉಳಿಸಿದ ಚಿಲ್ಲರೆಗಿಂತ ಬಹಳ ದೊಡ್ಡದು.

ಬಿಲ್ ತಗೊಳ್ಳಿ. ಲೀಟರ್ ಎಷ್ಟು ಅಂತ ಬಿಲ್‌ನಲ್ಲಿ ಪಾಯಿಂಟಿನ ಆಚೆಗೂ ಇರುತ್ತದೆ. ಥರ್ಮಲ್ ಕಾಗದದ ಅಕ್ಷರ ಬೇಸಿಗೆಯಲ್ಲಿ ಕಾರಿನೊಳಗೆ ಅಳಿಸಿಹೋಗುತ್ತದೆ, ಹಾಗಾಗಿ ಅಲ್ಲೇ ಪುಸ್ತಕಕ್ಕೆ ಬರೆದುಕೊಂಡು ಹೊರಡಿ. ಬರೆಯಬೇಕಾದ್ದು ಮೂರೇ: ಓಡೋಮೀಟರ್, ಲೀಟರ್, ಟ್ರಿಪ್ ಎ ತೋರಿಸುವ ಆವರೇಜ್.

ಪುಸ್ತಕದ ಒಂದು ಪುಟ

ನನ್ನ ಪುಸ್ತಕದ ಪುಟವೊಂದನ್ನು ಹಾಗೇ ಕೊಡುತ್ತೇನೆ.

41,260 ಕಿ.ಮೀ. ಫುಲ್ ಟ್ಯಾಂಕ್. ಆರಂಭ.
41,702 ಕಿ.ಮೀ. 26.8 ಲೀಟರ್. ಪರದೆ 17.6.
42,155 ಕಿ.ಮೀ. 24.6 ಲೀಟರ್. ಪರದೆ 18.4. ಗದಗಿನ ಬಂಕು.
42,571 ಕಿ.ಮೀ. 25.1 ಲೀಟರ್. ಪರದೆ 17.5.
43,048 ಕಿ.ಮೀ. 27.5 ಲೀಟರ್. ಪರದೆ 18.6.

ಮೊದಲ ಸಾಲಿನ ಲೀಟರ್ ಲೆಕ್ಕಕ್ಕೆ ಬೇಡ. ಆ ಪೆಟ್ರೋಲ್ ಅದಕ್ಕಿಂತ ಹಿಂದಿನ ಓಡಾಟದ್ದು.

ಈಗ ಎರಡನೇ ಸಾಲನ್ನು ಮಾತ್ರ ನೋಡಿ. 442 ಕಿ.ಮೀ.ಗೆ 26.8 ಲೀಟರ್, ಅಂದರೆ 16.5. ಪರದೆ 17.6 ಅಂದಿತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ "ಶೇ 6ಕ್ಕಿಂತ ಜಾಸ್ತಿ ಸುಳ್ಳು ಹೇಳುತ್ತದೆ" ಅಂತ ತೀರ್ಮಾನ ಆಗುತ್ತಿತ್ತು. ಮೂರನೇ ಸಾಲು ಮಾತ್ರ ನೋಡಿದರೆ 453 ಕಿ.ಮೀ.ಗೆ 24.6 ಲೀಟರ್, 18.4. ಪರದೆಯೂ 18.4. ಆಗ "ಆಹಾ, ಚಿನ್ನದಂಥ ಪರದೆ" ಅನ್ನುತ್ತಿದ್ದೆವು. ಅದೇ ಕಾರು, ಅದೇ ಪರದೆ. ಬೇರೆಯಾಗಿದ್ದು ನಾಝಲ್. ಗದಗಿನ ಆ ಪಂಪಿನ ಹರಿವು ಜೋರು, ಟ್ಯಾಂಕ್ ಪೂರ್ತಿ ತುಂಬುವ ಮೊದಲೇ ಕಟ್ ಆಗಿತ್ತು. ಅಲ್ಲಿ ಬಾಕಿ ಉಳಿದ ಪೆಟ್ರೋಲ್ ಆಮೇಲಿನ ಸಾಲುಗಳಿಗೆ ಸೇರಿಕೊಂಡಿತು.

ಇದಕ್ಕೇ ಒಂದು ಟ್ಯಾಂಕಿನ ಲೆಕ್ಕ ನಂಬಬಾರದು ಅನ್ನುವುದು. 10 ಲೀಟರ್ ಹಾಕಿಸಿದಾಗ 1 ಲೀಟರ್ ಆಚೀಚೆಯಾದರೆ ಶೇ 10 ತಪ್ಪು. 100 ಲೀಟರಿನಲ್ಲಿ ಅದೇ 1 ಲೀಟರ್ ಶೇ 1. ನಡುವಿನ ಫಿಲ್ಲಿಂಗ್‌ಗಳಲ್ಲಿ ಎಷ್ಟೇ ಹೆಚ್ಚು ಕಮ್ಮಿ ಆಗಿರಲಿ, ಒಂದರ ಕೊರತೆಯನ್ನು ಮುಂದಿನದು ತುಂಬಿಕೊಡುತ್ತದೆ. ಲೆಕ್ಕಕ್ಕೆ ಬರುವುದು ಮೊದಲ ಫುಲ್ ಮತ್ತು ಕೊನೆಯ ಫುಲ್ ಮಾತ್ರ. ಆ ಎರಡನ್ನು ಒಂದೇ ಪಂಪಿನಲ್ಲಿ, ಅವಸರ ಇಲ್ಲದೆ ಮಾಡಿಸಿ. ನಡುವೆ ಎಲ್ಲಿ ಬೇಕಾದರೂ ಹಾಕಿಸಿ, ಅರ್ಧ ಟ್ಯಾಂಕ್ ಹಾಕಿಸಿದರೂ ನಡೆಯುತ್ತದೆ, ಲೀಟರ್ ಮಾತ್ರ ಬರೆಯಲು ಮರೆಯಬೇಡಿ. ಒಂದು ಸಾಲು ತಪ್ಪಿದರೆ ಇಡೀ ಪುಟ ದಂಡ.

ಕೂಡಿಸೋಣ. ಓಡಿದ್ದು 1,788 ಕಿ.ಮೀ. ಹಾಕಿಸಿದ್ದು 104 ಲೀಟರ್. ಭಾಗಿಸಿದರೆ 17.2. ಟ್ರಿಪ್ ಬಿ ಆ ಹೊತ್ತಿಗೆ 18.0 ಅಂತ ತೋರಿಸುತ್ತಿತ್ತು. 17.2 ಅನ್ನು 18.0ರಿಂದ ಭಾಗಿಸಿದರೆ 0.955. ಇದು ನನ್ನ ಕಾರಿನ ತಾಳೆ ಅಂಕಿ. ಇನ್ನು ಮೇಲೆ ಪರದೆ ಏನು ತೋರಿಸಿದರೂ ಅದನ್ನು 0.955ರಿಂದ ಗುಣಿಸಿದರೆ ಟ್ಯಾಂಕಿನ ಮಾತು ಸಿಗುತ್ತದೆ. ಬಾಯಿಲೆಕ್ಕ ಬೇಕಾದರೆ, ಪರದೆಯ 20 ಅಂದರೆ ನಿಜದ 19. ನಾಲ್ಕೈದು ಫುಲ್ ಟ್ಯಾಂಕ್, ನೂರು ಲೀಟರ್ ದಾಟಿದರೆ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಇನ್ನೂ ಗಟ್ಟಿ, ಆದರೆ ನಮ್ಮ ಕೆಲಸಕ್ಕೆ ಅಷ್ಟು ಬೇಕಿಲ್ಲ.

ಕಿಲೋಮೀಟರ್ ಸರಿ ಇದೆಯಾ?

ಇಲ್ಲಿ ಒಂದು ಸೂಕ್ಷ್ಮ ಇದೆ. ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ಪರದೆಯ ಆವರೇಜ್‌ಗೂ ನಮ್ಮ ಪುಸ್ತಕದ ಲೆಕ್ಕಕ್ಕೂ ಕಿಲೋಮೀಟರ್ ಬಂದಿದ್ದು ಒಂದೇ ಕಡೆಯಿಂದ, ಕಾರಿನ ಚಕ್ರದಿಂದ. ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಸೆನ್ಸರ್ ಎಣಿಸುತ್ತದೆ, ಟೈರಿನ ಸುತ್ತಳತೆ ಇಷ್ಟು ಅಂತ ಕಂಪನಿ ಮೊದಲೇ ಬರೆದಿಟ್ಟಿರುತ್ತದೆ. ಕಿಲೋಮೀಟರೇ ತಪ್ಪಿದ್ದರೆ ಪರದೆಯೂ ಪುಸ್ತಕವೂ ಕೂಡಿಯೇ ತಪ್ಪುತ್ತವೆ. ತಾಳೆಯಲ್ಲಿ ಅದು ಕಾಣುವುದೇ ಇಲ್ಲ. ಇಷ್ಟು ಹೊತ್ತು ನಾವು ಪರೀಕ್ಷೆ ಮಾಡಿದ್ದು ಲೀಟರನ್ನು ಮಾತ್ರ.

ಟೈರ್ ಸವೆದರೆ ಚಿಕ್ಕದಾಗುತ್ತದೆ, ಅಷ್ಟೇ ದೂರಕ್ಕೆ ಜಾಸ್ತಿ ಸುತ್ತು ತಿರುಗುತ್ತದೆ, ಓಡೋಮೀಟರ್ ಜಾಸ್ತಿ ತೋರಿಸುತ್ತದೆ. 165/80 ಆರ್14 ಟೈರಿನ ವ್ಯಾಸ ಹತ್ತಿರ ಹತ್ತಿರ 620 ಮಿ.ಮೀ. ಹೊಸ ಟೈರಿನ 8 ಮಿ.ಮೀ. ಕಚ್ಚು ಸವೆದು 2 ಮಿ.ಮೀ. ಆದರೆ ವ್ಯಾಸದಲ್ಲಿ 12 ಮಿ.ಮೀ. ಹೋಯಿತು, ಶೇ 2. ತದ್ವಿರುದ್ಧವೂ ಇದೆ. 15 ಇಂಚಿನ ಚಕ್ರಕ್ಕೆ 185/65 ಬದಲು 195/65 ಹಾಕಿಸಿದವರ ಟೈರ್ ಶೇ 2 ದೊಡ್ಡದಾಗಿರುತ್ತದೆ, ಓಡೋಮೀಟರ್ ಕಮ್ಮಿ ತೋರಿಸುತ್ತದೆ. ಆಮೇಲೆ "ದೊಡ್ಡ ಟೈರ್ ಹಾಕಿದ ಮೇಲೆ ಆವರೇಜ್ ಬಿತ್ತು" ಅಂತ ಕೊರಗುತ್ತಾರೆ. ಸ್ವಲ್ಪ ನಿಜವಾಗಿಯೂ ಬಿದ್ದಿರಬಹುದು, ಸ್ವಲ್ಪ ಬರೀ ಎಣಿಕೆಯ ಆಟ.

ಪರೀಕ್ಷೆ ಸುಲಭ. ಮೊಬೈಲಿನ ಜಿಪಿಎಸ್‌ನಲ್ಲಿ ದೂರ ಅಳೆಯುವ ಯಾವುದಾದರೂ ಆ್ಯಪ್ ಹಾಕಿಕೊಂಡು, ನೇರವಾದ ರಸ್ತೆಯಲ್ಲಿ 50 ಕಿ.ಮೀ.ಗಿಂತ ಜಾಸ್ತಿ ಹೋಗಿ. ನಮ್ಮ ಹುಬ್ಬಳ್ಳಿ-ಗದಗ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಎರಡೂ ಕಡೆ ಎರೆ ಹೊಲ, ಸುರಂಗ ಇಲ್ಲ, ಘಟ್ಟದ ತಿರುವಿಲ್ಲ, ಸಿಗ್ನಲ್ ತಪ್ಪುವುದಿಲ್ಲ. ನನ್ನ ಕಾರು 58.4 ತೋರಿಸಿದ ಕಡೆ ಜಿಪಿಎಸ್ 57.6 ಅಂದಿತು. ಶೇ 1.4 ಜಾಸ್ತಿ. ಟೈರ್ ಬದಲಾಯಿಸುವ ಕಾಲ ಹತ್ತಿರ ಬಂದಿದೆ, ಅದಕ್ಕೆ. ಆ ಲೆಕ್ಕ ಹಿಡಿದರೆ ನನ್ನ 17.2 ಕೂಡ 17ಕ್ಕೆ ಇಳಿಯುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನೂ ನೋಡಬಹುದು, ಆದರೆ ರಸ್ತೆ ಅಗಲ ಮಾಡುವಾಗ ಕಿತ್ತು ನೆಟ್ಟ ಕಲ್ಲುಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಟೈರಿನ ಹವಾ ಇದೇ ಜಾಗದಲ್ಲಿ ಹೇಳಿಬಿಡುತ್ತೇನೆ. ತಾಳೆ ನೋಡುವಷ್ಟು ದಿನ ಹವಾ ಒಂದೇ ಮಟ್ಟದಲ್ಲಿರಲಿ, ಟೈರ್ ತಣ್ಣಗಿದ್ದಾಗ ಹಾಕಿಸಿ.

ಪರದೆ ನಿಜವಾಗಿ ಉಪಯೋಗಕ್ಕೆ ಬರುವುದು ಎಲ್ಲಿ?

ನನ್ನ ಪರದೆ ಶೇ 5ರಷ್ಟು ಜಾಸ್ತಿ ಹೇಳುತ್ತದೆ, ಸರಿ. ಆದರೆ ಇವತ್ತೂ ಅಷ್ಟೇ ಹೇಳುತ್ತದೆ, ನಾಳೆಯೂ ಅಷ್ಟೇ. ಹೀಗಾಗಿ ಒಂದಕ್ಕೊಂದು ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯದು ಇಲ್ಲ. ಟ್ಯಾಂಕಿನ ಲೆಕ್ಕದಲ್ಲಿ 20 ಕಿ.ಮೀ.ನ ಪರೀಕ್ಷೆ ಮಾಡಲು ಆಗುವುದೇ ಇಲ್ಲ. ಪರದೆಯಲ್ಲಿ ಆಗುತ್ತದೆ.

80ರಲ್ಲಿ ಹೋದರೆ ಎಷ್ಟು, 100ರಲ್ಲಿ ಹೋದರೆ ಎಷ್ಟು ಅಂತ ನೋಡಬೇಕೇ? ಹೆದ್ದಾರಿ 48ರಲ್ಲಿ ಬಂಕಾಪುರ ಟೋಲ್ ದಾಟಿ ಹಾವೇರಿ ಕಡೆ ಹೊರಡಿ. ಟಾಪ್ ಗೇರಿಗೆ ಬಂದು ವೇಗ ಒಂದೇ ಸಮನಾದ ಮೇಲೆ ಪಕ್ಕದಲ್ಲಿ ಕೂತವರು ಟ್ರಿಪ್ ಎ ಸೊನ್ನೆ ಮಾಡಲಿ. ನೀವು ರಸ್ತೆ ನೋಡಿ. ಹಾವೇರಿ ಹತ್ತಿರ ಬಂದಾಗ ಅಂಕಿ ಬರೆದುಕೊಳ್ಳಿ. ವಾಪಸ್ ಬರುವಾಗಲೂ ಅದೇ ವೇಗದಲ್ಲಿ ಇನ್ನೊಂದು ಸಲ. ಆಮೇಲೆ ಇನ್ನೊಂದು ದಿನ 100ರಲ್ಲಿ. ನನ್ನ ಕಾರಿನ ಪರದೆ 80ಕ್ಕೆ 21ರ ಹತ್ತಿರ, 100ಕ್ಕೆ 17 ಚಿಲ್ಲರೆ ಹೇಳುತ್ತದೆ. ರಾಣೆಬೆನ್ನೂರಿಗೆ ಹದಿನೈದು ಇಪ್ಪತ್ತು ನಿಮಿಷ ಮೊದಲು ಮುಟ್ಟುವುದಕ್ಕೆ ಅಷ್ಟು ಬೆಲೆ. ಡೀಲರ್ ಅಂಗಡಿ ಬಾಗಿಲು ತೆಗೆಯುವುದೇ ಹತ್ತಕ್ಕೆ, ನಾನು 80ರಲ್ಲೇ ಹೋಗುತ್ತೇನೆ.

ಹೋಗಿ ಬರುವ ಎರಡೂ ಕಡೆ ನೋಡಬೇಕು ಅಂದೆನಲ್ಲ, ಅದನ್ನು ಬಿಡಬೇಡಿ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಅಲ್ಲಿಂದ ಇಲ್ಲಿಗೆ ಬರುವಾಗ ಪರದೆ ಹೊಗಳುತ್ತದೆ, ಹೋಗುವಾಗ ಬಯ್ಯುತ್ತದೆ. ಗದಗ ರಸ್ತೆಯಲ್ಲಿ ಆಟ ಆಡುವುದು ಗಾಳಿ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮುಂಗಾರಿನಲ್ಲಿ ಗಾಳಿ ಬೀಸುವುದು ಪಶ್ಚಿಮದಿಂದ. ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ. 80ರಲ್ಲಿ ಹೋಗುವಾಗ 20ರ ಎದುರುಗಾಳಿ ಇದ್ದರೆ ಕಾರಿನ ಪಾಲಿಗೆ ಅದು 100ರ ಗಾಳಿ. ತಡೆ ಒಂದೂವರೆ ಪಟ್ಟು ಆಗುತ್ತದೆ. ಆಷಾಢದಲ್ಲಿ ಗದಗಿಗೆ ಹೋಗಿ ಅಲ್ಲೇ ಪರದೆಯ ಫೋಟೋ ತೆಗೆದು ಕಳಿಸುವವರು ಅಣ್ಣಿಗೇರಿ ದಾಟಿ ವಾಪಸ್ ಬಂದ ಮೇಲಿನ ಫೋಟೋ ಕಳಿಸುವುದಿಲ್ಲ.

ಇನ್ನೊಂದು ಮಾತು. ಹೋಗುವಾಗ 24, ಬರುವಾಗ 16 ಬಂದರೆ ಒಟ್ಟು 20 ಅಲ್ಲ. 100 ಕಿ.ಮೀ. ಅಂತ ಹಿಡಿದು ನೋಡಿ. 24ರಲ್ಲಿ 4.17 ಲೀಟರ್, 16ರಲ್ಲಿ 6.25 ಲೀಟರ್. 200 ಕಿ.ಮೀ.ಗೆ 10.42 ಲೀಟರ್, ಅಂದರೆ 19.2. ಆವರೇಜುಗಳ ಆವರೇಜ್ ತೆಗೆಯಬಾರದು. ಕಿಲೋಮೀಟರ್ ಎಲ್ಲ ಕೂಡಿಸಿ, ಲೀಟರ್ ಎಲ್ಲ ಕೂಡಿಸಿ, ಕೊನೆಗೊಮ್ಮೆ ಭಾಗಿಸಿ.

ಇನ್ನು ಕೆಲವು ಗೊಂದಲಗಳು

ಟ್ರಿಪ್ ಅನ್ನು ತಿಂಗಳಾನುಗಟ್ಟಲೆ ಸೊನ್ನೆ ಮಾಡದಿದ್ದರೆ ಆವರೇಜ್ ಅಲುಗಾಡುವುದೇ ಇಲ್ಲ. 5,000 ಕಿ.ಮೀ. 18ರಲ್ಲಿ ಓಡಿದ ಮೇಲೆ 100 ಕಿ.ಮೀ. ಊರೊಳಗೆ 10ರಲ್ಲಿ ಓಡಿದರೂ ಪರದೆ 17.7 ಅನ್ನುತ್ತದೆ. ಚನ್ನಮ್ಮ ಸರ್ಕಲ್ ಸುತ್ತ ಫ್ಲೈಓವರ್ ಕೆಲಸ ಶುರುವಾದಾಗಿನಿಂದ ನಾವು ಸುಟ್ಟ ಪೆಟ್ರೋಲ್ ಇಂಥ ಆವರೇಜ್‌ನಲ್ಲಿ ಅಡಗಿಹೋಗುತ್ತದೆ. ನಿಂತಲ್ಲೇ ಎಂಜಿನ್ ಓಡುತ್ತಿದ್ದರೆ ಸಣ್ಣ ಪೆಟ್ರೋಲ್ ಕಾರೂ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ, ಎಸಿ ಹಾಕಿದರೆ ಇನ್ನೂ ಜಾಸ್ತಿ. ಸೊನ್ನೆ ಕಿಲೋಮೀಟರಿಗೆ ಅಷ್ಟು. ಅದೇ ಸೊನ್ನೆ ಮಾಡಿದ ಕೂಡಲೇ ಎರಡು ಕಿ.ಮೀ. ತಣ್ಣಗಿನ ಎಂಜಿನ್‌ನಲ್ಲಿ ಹೋದರೆ 7, 8 ಅಂತ ತೋರಿಸಿ ಹೆದರಿಸುತ್ತದೆ. ಎರಡನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿ ಇಳಿಜಾರಿನಲ್ಲಿ ತುದಿಗೆ ಹೋಗುತ್ತದೆಯಲ್ಲ, ಅದು ಸುಳ್ಳಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಪೂರ್ತಿ ಮುಚ್ಚುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಂತೆ ಮತ್ತೆ ಪೆಟ್ರೋಲ್ ಬಿಡಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುತ್ತೇನೆ ಅನ್ನುವವರು ಪೆಟ್ರೋಲೂ ಉಳಿಸುತ್ತಿಲ್ಲ, ಬ್ರೇಕೂ ಉಳಿಸುತ್ತಿಲ್ಲ.

ಕಾಕಾನ ಮಗನ 22.4 ಈಗ ಅರ್ಥವಾಗಿರಬೇಕು. ಬೈಪಾಸಿನ ಧಾರವಾಡದ ತುದಿಯ ನರೇಂದ್ರ ಕ್ರಾಸ್‌ನಲ್ಲಿ ಸೊನ್ನೆ ಮಾಡಿ ಹುಬ್ಬಳ್ಳಿಯ ತುದಿಯ ಗಬ್ಬೂರಿನಲ್ಲಿ ಫೋಟೋ ತೆಗೆದಿದ್ದ. ಇಳಿಜಾರಿನ ಕಡೆಗೆ, ಬೆಳಗಿನ ಹೊತ್ತು, ಎಸಿ ಇಲ್ಲದೆ.

ಬ್ರೋಷರಿನ ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಮೈಲೇಜ್ ಜೊತೆ ಹೋಲಿಸುವ ಗೋಜಿಗೆ ಹೋಗಬೇಡಿ. ಅದು ಪ್ರಯೋಗಾಲಯದ ರೋಲರ್ ಮೇಲೆ ಸುಮಾರು 20 ನಿಮಿಷ ಓಡಿಸಿ ತೆಗೆದಿದ್ದು. ಅಲ್ಲಿ ವೇಗ 90 ದಾಟುವುದಿಲ್ಲ, ಎಸಿ ಇಲ್ಲ, ನಮ್ಮ ದುರ್ಗದಬೈಲ್ ಮಾರುಕಟ್ಟೆಯ ಗದ್ದಲವೂ ಇಲ್ಲ.

ಬಂಕಿನವರ ಮೇಲೆ ಅನುಮಾನ ಬಂದರೆ ಕೇಳಿ, 5 ಲೀಟರ್ ಅಳತೆಯ ಪಾತ್ರೆ ಪ್ರತಿ ಬಂಕಿನಲ್ಲೂ ಇರಲೇಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿ.ಲೀ. ಆಚೀಚೆ ಆಗಬಹುದು, ಅಂದರೆ ಶೇ 0.5. ಪಾತ್ರೆ ಸರಿ ಬಂದರೆ ನಿಮ್ಮ ತಾಳೆಯ ಶೇ 5ಕ್ಕೆ ಕಾರಣ ಬಂಕಲ್ಲ, ಇಂಜೆಕ್ಟರಿನ ಲೆಕ್ಕ.

ಎಥೆನಾಲ್ ವಿಷಯ ಬೇರೆ. ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಮ್ಮಿ. ಶುದ್ಧ ಪೆಟ್ರೋಲಿಗೆ ಮಾಡಿದ, ಇ10ಕ್ಕೆ (ಶೇ 10 ಎಥೆನಾಲ್ ಬೆರೆತ ಪೆಟ್ರೋಲ್) ಟ್ಯೂನ್ ಮಾಡಿದ ಕಾರುಗಳಲ್ಲಿ ಶೇ 20 ಬೆರೆತ ಇ20 ಹಾಕಿದರೆ ಶೇ 6ರಿಂದ 7ರಷ್ಟು ಮೈಲೇಜ್ ಕಮ್ಮಿಯಾಗಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಆದರೆ ಇದರಿಂದ ಪರದೆ ಸುಳ್ಳಾಗುವುದಿಲ್ಲ. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿ ಕಂಪ್ಯೂಟರ್ ಇಂಜೆಕ್ಟರನ್ನು ಜಾಸ್ತಿ ಹೊತ್ತು ತೆರೆಯುತ್ತದೆ, ಆ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಮೈಲೇಜ್ ಬಿದ್ದರೆ ಪರದೆಯಲ್ಲೂ ಬೀಳುತ್ತದೆ, ಟ್ಯಾಂಕಿನಲ್ಲೂ ಬೀಳುತ್ತದೆ. ತಾಳೆ ಅಂಕಿ ಹೆಚ್ಚು ಕಮ್ಮಿ ಅದೇ ಇರುತ್ತದೆ.

ಇದೇ ಈ ಅಂಕಿಯ ಇನ್ನೊಂದು ಉಪಯೋಗ. ಪರದೆ, ಟ್ಯಾಂಕ್ ಎರಡೂ ಕೂಡಿ ಬಿದ್ದರೆ ಟೈರ್ ಹವಾ, ಬ್ರೇಕ್ ಹಿಡಿದುಕೊಂಡಿರುವುದು, ಏರ್ ಫಿಲ್ಟರ್, ಡಿಕ್ಕಿಯಲ್ಲಿ ಮರೆತ ಬೀಜದ ಚೀಲ, ಇವನ್ನು ನೋಡಿ. ಪರದೆ ಹಿಂದಿನಂತೆಯೇ ಇದ್ದು ಟ್ಯಾಂಕಿನ ಲೆಕ್ಕ ಮಾತ್ರ ಬಿದ್ದರೆ, ಅಂದರೆ 0.955 ಇದ್ದದ್ದು 0.90ಕ್ಕೆ ಬಂದರೆ, ಇಂಜೆಕ್ಟರ್ ಮೂಲಕ ಹೋಗದೆ ಪೆಟ್ರೋಲ್ ಎಲ್ಲೋ ಹೋಗುತ್ತಿದೆ ಅಥವಾ ಇಂಜೆಕ್ಟರೇ ಸೋರುತ್ತಿದೆ. ಗಾಡಿ ನಿಲ್ಲಿಸಿದ ಕಡೆ ಪೆಟ್ರೋಲ್ ವಾಸನೆ ಬರುತ್ತಿದೆಯಾ ನೋಡಿ, ತಡ ಮಾಡದೆ ಮೆಕ್ಯಾನಿಕ್‌ಗೆ ತೋರಿಸಿ. ಇಂಜೆಕ್ಟರ್ ಕ್ಲೀನ್ ಮಾಡಿಸಿದ ಮೇಲೆ ಅಥವಾ ಬದಲಾಯಿಸಿದ ಮೇಲೆ ತಾಳೆ ಹೊಸದಾಗಿ ತೆಗೆಯಬೇಕು. ಟೈರ್ ಬದಲಾಯಿಸಿದರೆ ಜಿಪಿಎಸ್ ಪರೀಕ್ಷೆ ಒಂದನ್ನೇ ಮತ್ತೆ ಮಾಡಿದರೆ ಸಾಕು.

ಸಿಎನ್‌ಜಿ ಗಾಡಿಯವರಿಗೆ ಈ ವಿಧಾನ ಪೂರ್ತಿ ಒಗ್ಗುವುದಿಲ್ಲ. ಅಲ್ಲಿ ಲೆಕ್ಕ ಕೆಜಿಯಲ್ಲಿ, ಫುಲ್ ಅನ್ನುವುದು 200 ಬಾರ್ ಒತ್ತಡದ ಮಾತು. ಸ್ಟೇಷನ್ನಿನ ಒತ್ತಡ ಕಮ್ಮಿ ಇದ್ದರೆ, ಸಿಲಿಂಡರ್ ಬಿಸಿಯಿದ್ದರೆ ಕಮ್ಮಿ ಗ್ಯಾಸ್ ಹಿಡಿಯುತ್ತದೆ. ನಾಲ್ಕೈದು ಫಿಲ್ಲಿಂಗ್ ಸಾಲುವುದಿಲ್ಲ, ಹದಿನೈದು ಇಪ್ಪತ್ತಾದರೂ ಬೇಕು. ಅವರು ಮೊದಲ ಮತ್ತು ಕೊನೆಯ ಫಿಲ್ಲಿಂಗನ್ನು ಬೆಳಗಿನ ಜಾವ, ಸಿಲಿಂಡರ್ ತಣ್ಣಗಿರುವಾಗ, ಒಂದೇ ಸ್ಟೇಷನ್ನಿನಲ್ಲಿ ಮಾಡಿಸಲಿ.